ಅಡಿಕೆ ಕೊಳೆಗೆ ಮದ್ದಿದೆ, ನಮ್ಮ ಕಾಲಿನ ಕೊಳೆಗೆ?



ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ. ಮಳೆ ಹಿಡಿದಿದೆ, ಶಾಲೆ ಶುರುವಾಗಿದೆ. ಈಗ ಹೇಳದೇ ಇದ್ರೆ ಮತ್ತೆ ಮುಂದಿನ ವರ್ಷಕ್ಕೇ ಹೋಗುತ್ತೆ. ವಿಷಯ ಚಪ್ಪಲಿ. ನಗಬೇಡಿ.

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಮಳೆ ಬಿದ್ದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಮಾತು, ಕೊಳೆ ರೋಗ. ಮೈಲುತುತ್ತದ ರೇಟು ಎಷ್ಟಾಯ್ತು, ಸುಣ್ಣ ಬಂತಾ, ಮದ್ದು ಹೊಡೆಯೋಕೆ ಜನ ಸಿಕ್ಕಿದ್ರಾ? ಇದು ತಪ್ಪಲ್ಲ. ತೋಟ ಉಳಿದ್ರೆ ನಮ್ಮವರಿಗೂ ಕೂಲಿ. ಆದರೆ ಆ ತೋಟದ ಕೆಸರಲ್ಲಿ, ಗದ್ದೆ ನೆಟ್ಟಿಯಲ್ಲಿ, ಕೊಟ್ಟಿಗೆಯ ಗೊಚ್ಚೆಯಲ್ಲಿ, ಪೇಟೆಯ ಚರಂಡಿಯಲ್ಲಿ ಬೆಳಗಿಂದ ಸಂಜೆವರೆಗೆ ನಿಂತ ಕಾಲುಗಳಿಗೂ ಇದೇ ನಾಲ್ಕು ತಿಂಗಳು ಕೊಳೆ ಬರುತ್ತೆ. ಬೆರಳ ಸಂದಿ ಬೆಳ್ಳಗಾಗಿ ಬಿರಿಯುತ್ತೆ, ಉರಿ, ಕೆರೆತ, ವಾಸನೆ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ, ಒಲೆ ಮುಂದೆ ಕಾಲು ಚಾಚಿ ಕೂತು, ಬೆಳಿಗ್ಗೆ ಮತ್ತೆ ಅದೇ ನೀರಿಗೆ ಇಳಿಯೋದು. ಅಡಿಕೆ ಕೊಳೆಗೆ ಮೀಟಿಂಗು ಆಗುತ್ತೆ, ಪರಿಹಾರಕ್ಕೆ ಮನವಿ ಹೋಗುತ್ತೆ. ಕಾಲಿನ ಕೊಳೆಗೆ ಇವತ್ತಿನವರೆಗೆ ಯಾರೂ ಒಂದು ಮನವಿ ಬರೆದಿದ್ದು ನಾನು ಕಂಡಿಲ್ಲ. ನಾವೂ ಬರೆದಿಲ್ಲ.

"ಅದೆಲ್ಲ ಮಳೆಗಾಲದಲ್ಲಿ ಇದ್ದಿದ್ದೇ" ಅಂತ ನಮ್ಮವರೇ ಹೇಳ್ತಾರೆ. ಇದ್ದಿದ್ದೇ ಅಲ್ಲ. ಆ ಬಿರುಕು ಅಂದ್ರೆ ಚರ್ಮದ ಬಾಗಿಲು ತೆರೆದ ಹಾಗೆ. ಗದ್ದೆಯಲ್ಲೂ ಚರಂಡಿಯಲ್ಲೂ ಇಲಿ, ದನಗಳ ಉಚ್ಚೆ ಸೇರಿರುತ್ತೆ. ಇಲಿ ಜ್ವರದ ರೋಗಾಣು ಅದೇ ಬಿರುಕಿನಿಂದ ಒಳಗೆ ಹೋಗುತ್ತೆ. ಜ್ವರ, ಮೈಕೈ ನೋವು, ಮೀನಖಂಡ ಹಿಡಿದಂಗಾಗೋದು, ಕಣ್ಣು ಕೆಂಪಾಗೋದು. ನಿರ್ಲಕ್ಷ್ಯ ಮಾಡಿದರೆ ಲಿವರ್, ಕಿಡ್ನಿಗೆ ಹೊಡೆತ. ಅದಕ್ಕೇ ಒಂದು ಮಾತು: ಮಳೆಗಾಲದಲ್ಲಿ ಜ್ವರ ಬಂದು ಡಾಕ್ಟರ ಹತ್ರ ಹೋದಾಗ "ನಾನು ಗದ್ದೆ ಕೆಲಸ ಮಾಡ್ತೀನಿ", "ನಾನು ಚರಂಡಿ ಕ್ಲೀನ್ ಮಾಡ್ತೀನಿ" ಅಂತ ಬಾಯಿಬಿಟ್ಟು ಹೇಳಿ. ನಾಚಿಕೆ ಬೇಡ. ಡಾಕ್ಟರು ಯಾವ ಟೆಸ್ಟ್ ಬರೀಬೇಕು ಅನ್ನೋದು ಆ ಒಂದು ಮಾತಿನ ಮೇಲೆ ನಿಂತಿರುತ್ತೆ.

ಇನ್ನೊಂದು ಕೊಕ್ಕೆಹುಳು. ಬಯಲಲ್ಲಿ ಮಲವಿಸರ್ಜನೆ ಆದ ಕಡೆ, ಹಸಿ ಮಣ್ಣಲ್ಲಿ ಇದರ ಮರಿ ಇರುತ್ತೆ. ಬಾಯಿಂದ ಹೋಗಬೇಕು ಅಂತಿಲ್ಲ, ಬರಿಗಾಲಿನ ಚರ್ಮ ಕೊರೆದೇ ಒಳಗೆ ಹೋಗುತ್ತೆ. ಆಮೇಲೆ ಕರುಳಲ್ಲಿ ಕೂತು ರಕ್ತ ಹೀರುತ್ತೆ. ನಮ್ಮ ಹೆಣ್ಣುಮಕ್ಕಳಿಗೆ ರಕ್ತ ಕಡಿಮೆ ಅಂತ ಆಸ್ಪತ್ರೆಯಲ್ಲಿ ಕೆಂಪು ಮಾತ್ರೆ ಕೊಡ್ತಾರೆ. ಫೆಬ್ರವರಿ 10, ಆಗಸ್ಟ್ 10ಕ್ಕೆ ಶಾಲೆ, ಅಂಗನವಾಡಿಯಲ್ಲಿ ಜಂತುಹುಳು ಮಾತ್ರೆಯನ್ನೂ ಕೊಡ್ತಾರೆ. ಒಳ್ಳೇದೇ, ತಪ್ಪಿಸಬೇಡಿ. ಆದರೆ ಮಾತ್ರೆ ನುಂಗಿ ಮಾರನೇ ದಿನ ಮತ್ತೆ ಬರಿಗಾಲಲ್ಲಿ ಅದೇ ಮಣ್ಣು ತುಳಿದರೆ ಎಂತ ಬಂತು?

ಮಳೆ ಹೋಯ್ತು ಅಂದ್ರೆ ಸಿದ್ದಾಪುರದ ಕಡೆ ಇನ್ನೊಂದು ಭಯ, ಮಂಗನ ಕಾಯಿಲೆ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಗುರುತಾದ ರೋಗ ಇದು. 2024ರಲ್ಲಿ ಸಿದ್ದಾಪುರ ತಾಲೂಕು ಎಷ್ಟು ನಲುಗಿತು ಅನ್ನೋದು ನಿಮಗೆ ಗೊತ್ತಿದೆ. ಉಣುಗು ಇರೋದು ಎಲೆಯ ಕೆಳಗೆ, ನೆಲದಲ್ಲಿ. ಅದು ಮೈಗೆ ಹತ್ತೋದು ಕಾಲಿನಿಂದ. ಸೊಪ್ಪಿನ ಬೆಟ್ಟಕ್ಕೆ ದರಕು ಗುಡಿಸೋಕೆ, ಸೊಪ್ಪು ತರೋಕೆ, ಸೌದೆಗೆ ಹೋಗೋರು ಯಾರು? ಬೆಟ್ಟ ಯಾರ ಹೆಸರಲ್ಲಿದೆಯೋ ಅವರಲ್ಲ. ಆರೋಗ್ಯ ಇಲಾಖೆಯವರು ಡೇಪಾ ಎಣ್ಣೆ ಹಚ್ಚಿ, ಮೈತುಂಬ ಬಟ್ಟೆ ಹಾಕಿ, ಪ್ಯಾಂಟು ಬೂಟಿನೊಳಗೆ ಸೇರಿಸಿ ಅಂತಾರೆ. ಸರಿಯಾದ ಮಾತು. ಆದರೆ ಬೂಟೇ ಇಲ್ಲದವಳು, ಸೀರೆ ಎತ್ತಿ ಕಟ್ಟಿ ಹವಾಯಿ ಚಪ್ಪಲಿಯಲ್ಲಿ ಬೆಟ್ಟಕ್ಕೆ ಹೋಗೋ ಅಕ್ಕ ಎಂತದರೊಳಗೆ ಸೇರಿಸಬೇಕು?

ಬರಿಗಾಲು ನಮ್ಮ ಸಂಪ್ರದಾಯ ಆಗಿರಲಿಲ್ಲ

ಕೆಲವರು ಹೇಳ್ತಾರೆ, "ನಿಮ್ಮವರಿಗೆ ಬರಿಗಾಲೇ ರೂಢಿ, ಅವರ ಕಾಲು ಗಟ್ಟಿ." ಈ ಮಾತು ಕೇಳಿದರೆ ಮೈ ಉರಿಯುತ್ತೆ. ರೂಢಿ ಅಲ್ಲ ಸ್ವಾಮಿ, ನಿಷೇಧ. ಈ ದೇಶದ ಎಷ್ಟೋ ಊರುಗಳಲ್ಲಿ ಮೇಲ್ಜಾತಿಯವರ ಕೇರಿ ಬಂದ ಕೂಡಲೇ ನಮ್ಮ ಅಜ್ಜಂದಿರು ಚಪ್ಪಲಿ ಕಳಚಿ ಕೈಯಲ್ಲೋ ಕಂಕುಳಲ್ಲೋ ಹಿಡ್ಕೊಂಡು ನಡೀಬೇಕಿತ್ತು. ಚರ್ಮ ಹದ ಮಾಡಿದವನು, ಹೊಲಿದವನು ನಮ್ಮವನು. ಮೆಟ್ಟುವ ಹಕ್ಕು ಮಾತ್ರ ಬೇರೆಯವರದ್ದು. ಜಗತ್ತಲ್ಲಿ ಇನ್ನೆಲ್ಲಿ ಹೀಗಿದೆ, ಮಾಡಿದವನೇ ಅದನ್ನ ಹಾಕ್ಕೊಂಡರೆ ಅಪರಾಧ ಅನ್ನೋದು?

12ನೇ ಶತಮಾನದ ಶರಣ ಹರಳಯ್ಯನ ಕತೆ ಎಲ್ಲರಿಗೂ ಗೊತ್ತು. ಅವನೂ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಚಮ್ಮಾವುಗೆ ಮಾಡಿಕೊಟ್ಟರು ಅಂತಾರೆ. ಜಯಂತಿಗಳಲ್ಲಿ ಈ ತ್ಯಾಗದ ಬಗ್ಗೆ ಗಂಟೆಗಟ್ಟಲೆ ಭಾಷಣ ಆಗುತ್ತೆ. ನನಗನ್ನಿಸೋದು ಬೇರೆ. ಹರಳಯ್ಯನ ತೊಡೆಯ ಬಗ್ಗೆ ಮಾತಾಡ್ತೀವಿ, ಅವನ ಕೈಯ ಬಗ್ಗೆ ಯಾಕೆ ಮಾತಾಡಲ್ಲ? ಒಬ್ಬರ ಪಾದ ನೋಡಿ ಎಲ್ಲಿ ಒತ್ತುತ್ತೆ, ಎಲ್ಲಿ ಸಡಿಲ ಬೇಕು ಅಂತ ಅಳೆದು ಅಟ್ಟೆ ಕೊಯ್ಯೋದು ವಿದ್ಯೆ. ಇವತ್ತು ಇದನ್ನೇ ದೊಡ್ಡ ಆಸ್ಪತ್ರೆಗಳಲ್ಲಿ ಪಾದ ಚಿಕಿತ್ಸೆ ಅಂತ ಬೋರ್ಡ್ ಹಾಕಿ ಮಾಡ್ತಾರೆ. ನಮ್ಮ ಹಿರಿಯರು ರಂಪಿಗೆ ಹಿಡಿದು ಮಾಡಿದಾಗ ಅದು ಹೊಲಸು ಕೆಲಸ.

ಬಾಬಾಸಾಹೇಬರ ಪ್ರತಿಮೆಗಳನ್ನ ನೋಡಿ. ಸೂಟು, ಕೈಯಲ್ಲಿ ಸಂವಿಧಾನ, ಕಾಲಲ್ಲಿ ಬೂಟು. ಅದು ಶೋಕಿ ಅಲ್ಲ. ಯಾವ ಕಾಲಿಗೆ ಚಪ್ಪಲಿ ಹಾಕಬಾರದು ಅಂದ್ರೋ ಆ ಕಾಲಿಗೆ ಬೂಟು. ಹಾಗಾಗಿ ನಮ್ಮ ಮನೆಗಳಲ್ಲಿ ಮಗು ಶಾಲೆಗೆ ಬೂಟು ಹಾಕ್ಕೊಂಡು ಹೋಗೋದು ಅಂದ್ರೆ ಬರೀ ಯೂನಿಫಾರ್ಮ್ ಅಲ್ಲ. ಇಷ್ಟು ಹೇಳಿದ ಮೇಲೇ ಮುಂದಿನ ಮಾತು ಹೇಳೋ ಧೈರ್ಯ ನನಗೆ ಬರೋದು.

ಮಕ್ಕಳ ಕಪ್ಪು ಬೂಟು

ಸರ್ಕಾರಿ ಶಾಲೆ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಒಂದು ಜೊತೆ ಕಪ್ಪು ಬೂಟು, ಎರಡು ಜೊತೆ ಸಾಕ್ಸ್ ಕೊಡ್ತಾರೆ. 2022ರಲ್ಲಿ ಆ ದುಡ್ಡೇ ಬಿಡುಗಡೆ ಆಗಿಲ್ಲ ಅಂತ ಗಲಾಟೆ ಆಗಿ, ಕೊನೆಗೆ ಜುಲೈ ತಿಂಗಳಲ್ಲಿ 132 ಕೋಟಿ ರೂಪಾಯಿ ಕೊಟ್ಟಿದ್ದು ನೆನಪಿರಬಹುದು. ಆಗ ಒಂದರಿಂದ ಐದನೇ ಕ್ಲಾಸಿಗೆ 265 ರೂಪಾಯಿ, ಆರರಿಂದ ಎಂಟಕ್ಕೆ 295, ಒಂಬತ್ತು ಹತ್ತಕ್ಕೆ 325 ಅಂತ ದರ ಇಟ್ಟಿದ್ದರು. ಆ ದುಡ್ಡಿಗೆ ಚರ್ಮದ ಬೂಟು ಬರಲ್ಲ. ಬರೋದು ರೆಕ್ಸಿನ್, ಗಾಳಿಯಾಡದ್ದು.

ಈಗ ನಮ್ಮ ಕಡೆಯ ಜೂನ್, ಜುಲೈ ನೆನಪಿಸಿಕೊಳ್ಳಿ. ಮಂಚಿಕೇರಿ ಕಡೆಯೋ, ಸಿದ್ದಾಪುರದ ಘಟ್ಟದಂಚಿನ ಹಳ್ಳಿಯಲ್ಲೋ ಒಂದು ಮಗು ಕೇರಿಯಿಂದ ಎರಡು ಮೈಲಿ ನಡೆದು ಹಳ್ಳ ದಾಟಿ ಶಾಲೆಗೆ ಬರುತ್ತೆ. ಬೂಟೊಳಗೆ ನೀರು. ಸಾಕ್ಸ್ ಒದ್ದೆ. ನಾಲ್ಕೂವರೆವರೆಗೆ ಅದೇ ಬೂಟು, ಅದೇ ಸಾಕ್ಸ್. ಮನೆಗೆ ಬಂದರೆ ಒಣಗಲ್ಲ, ನಮ್ಮಲ್ಲಿ ವಾರಗಟ್ಟಲೆ ಬಿಸಿಲೇ ಕಾಣಲ್ಲ. ಇರೋದು ಒಂದೇ ಜೊತೆ. ಮಾರನೇ ದಿನ ಮತ್ತೆ ಅದನ್ನೇ ಹಾಕಬೇಕು, ಇಲ್ಲಾಂದ್ರೆ ಪ್ರಾರ್ಥನೆಗೆ ನಿಂತಾಗ ಬೈಗುಳ. ಒದ್ದೆ ಬೂಟಲ್ಲಿ ಏಳೆಂಟು ಗಂಟೆ ಬೇಯೋ ಕಾಲಿಗೆ ಬೂಸ್ಟು ಹಿಡಿಯದೇ ಇನ್ನೇನಾಗುತ್ತೆ? ಬರಿಗಾಲಿನ ರೋಗ ತಪ್ಪಿಸೋಕೆ ಕೊಟ್ಟ ಬೂಟು ಬೇರೆ ರೋಗ ತಂದಿತು.

ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇದೆ. ಸ್ಥಳೀಯ ಹವಾಮಾನ ನೋಡಿ ಬೂಟು ಸಾಕ್ಸ್ ಬದಲು ಚಪ್ಪಲಿ, ಸ್ಯಾಂಡಲ್ ಖರೀದಿ ಮಾಡಬಹುದು ಅಂತ ಸರ್ಕಾರದ ಸೂಚನೆಯಲ್ಲೇ ಅವಕಾಶ ಇದೆ. ಖರೀದಿ ಮಾಡೋದು ಎಸ್‌ಡಿಎಂಸಿ, ಅಂದ್ರೆ ಪೋಷಕರೇ ಇರೋ ಸಮಿತಿ. ಮಲೆನಾಡಲ್ಲಿ ಈ ಅವಕಾಶ ಬಳಸದೇ ಇನ್ನೆಲ್ಲಿ ಬಳಸೋದು?

ಇದನ್ನ ನಮ್ಮ ಒಂದು ಸಭೆಯಲ್ಲಿ ಹೇಳಿದಾಗ ಒಬ್ಬ ಹಿರಿಯರು ಎದ್ದು ಕೇಳಿದರು: "ಎಂತ ತಮಾ, ನಾವು ಬೂಟು ಹಾಕೋಕೆ ಇಷ್ಟು ವರ್ಷ ಹೊಡೆದಾಡಿದ್ದು, ನೀನು ಮಕ್ಕಳಿಗೆ ಚಪ್ಪಲಿ ಹಾಕಿ ಅಂತಿದ್ಯಲ್ಲ? ಕಾನ್ವೆಂಟ್ ಮಕ್ಕಳು ಬೂಟಲ್ಲಿ, ನಮ್ಮ ಮಕ್ಕಳು ಚಪ್ಪಲಿಯಲ್ಲಾ?" ಅವರ ಮಾತು ತಳ್ಳಿಹಾಕೋ ಹಾಗಿಲ್ಲ. ಅದರಲ್ಲಿ ಗಾಯ ಇದೆ. ನನ್ನ ಉತ್ತರ ಇಷ್ಟೇ. ಹೋರಾಟ ಇದ್ದಿದ್ದು ಬೂಟಿಗಲ್ಲ, ನಮ್ಮ ಕಾಲಿಗೆ ಎಂತ ಬೇಕು ಅಂತ ನಾವೇ ತೀರ್ಮಾನ ಮಾಡೋ ಹಕ್ಕಿಗೆ. ಮೊದಲು ಬೇರೆಯವರು ಕಳಚು ಅಂದ್ರು, ಕಳಚಿದೆವು. ಈಗ ಒದ್ದೆಯಾದ್ರೂ ಹಾಕ್ಕೋ ಅಂತಾರೆ, ಹಾಕ್ತಿದ್ದೇವೆ. ಎರಡೂ ಕಡೆ ನಮ್ಮ ಕಾಲನ್ನ ಯಾರೂ ಕೇಳಿಲ್ಲ. ಮತ್ತೆ ಸ್ಯಾಂಡಲ್ ಅಂದ್ರೆ ಶಾಲೆಯ ಎಲ್ಲಾ ಮಕ್ಕಳಿಗೂ ಸ್ಯಾಂಡಲ್. ನಮ್ಮ ಮಕ್ಕಳಿಗೆ ಮಾತ್ರ ಅಂದ್ರೆ ನಾನೇ ಮೊದಲು ಧರಣಿ ಕೂರ್ತೀನಿ.

ಇದು ಬರೀ ಮಳೆಯ ಮಾತೂ ಅಲ್ಲ. 1992ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಮೂಳೆ ಡಾಕ್ಟರುಗಳು, ರಾವ್ ಮತ್ತು ಬೆಂಜಮಿನ್ ಜೋಸೆಫ್, 4ರಿಂದ 13 ವರ್ಷದ 2300 ಮಕ್ಕಳ ಹೆಜ್ಜೆಗುರುತು ತೆಗೆದು ಒಂದು ಅಧ್ಯಯನ ಪ್ರಕಟಿಸಿದರು. ಪಾದರಕ್ಷೆ ಹಾಕೋ ಮಕ್ಕಳಲ್ಲಿ ನೂರಕ್ಕೆ 8.6 ಜನಕ್ಕೆ ಚಪ್ಪಟೆ ಪಾದ ಇತ್ತು, ಹಾಕದ ಮಕ್ಕಳಲ್ಲಿ 2.8. ಹಾಕೋರಲ್ಲೂ ಮುಂದೆ ಮುಚ್ಚಿದ ಬೂಟಿನವರಲ್ಲಿ ಜಾಸ್ತಿ, ಸ್ಯಾಂಡಲ್, ಸ್ಲಿಪ್ಪರ್‌ನವರಲ್ಲಿ ಕಡಿಮೆ. ಬೆಳೆಯೋ ಪಾದಕ್ಕೆ ಬೆರಳು ಆಡಿಸೋಕೆ ಜಾಗ ಬೇಕು ಅನ್ನೋದು ಇದರ ತಾತ್ಪರ್ಯ. ಈ ಅಧ್ಯಯನ ಹಿಡ್ಕೊಂಡು "ನೋಡಿ, ಬರಿಗಾಲೇ ಒಳ್ಳೇದು" ಅನ್ನೋರೂ ಇದ್ದಾರೆ. ಬೆಳಿಗ್ಗೆ ಪಾರ್ಕಿನ ಹುಲ್ಲಲ್ಲಿ ಹತ್ತು ನಿಮಿಷ ಬರಿಗಾಲಲ್ಲಿ ನಡೆಯೋರ ಆರೋಗ್ಯ ಬೇರೆ, ಗೊಬ್ಬರಗುಂಡಿಯಲ್ಲಿ ಬರಿಗಾಲಲ್ಲಿ ನಿಲ್ಲೋರ ಆರೋಗ್ಯ ಬೇರೆ. ಆ ಅಧ್ಯಯನ ಪಾದದ ಆಕಾರದ ಬಗ್ಗೆ. ಕೊಕ್ಕೆಹುಳು, ಧನುರ್ವಾಯು, ಮುಳ್ಳು, ಗಾಜಿನ ಬಗ್ಗೆ ಅಲ್ಲ. ಹಾಗಾಗಿ ಬರಿಗಾಲೂ ಬೇಡ, ಒದ್ದೆ ಬೂಟೂ ಬೇಡ. ಹಿಂದೆ ಬೆಲ್ಟ್ ಇರೋ, ತಳ ಜಾರದ, ಬೇಗ ಒಣಗೋ ಸ್ಯಾಂಡಲ್ ಬೇಕು.

ಅಳತೆಯ ವಿಷಯವೂ ಇದೆ. ನಾವು ಇಷ್ಟು ವರ್ಷ ಕೊಂಡಿದ್ದು ಇಂಗ್ಲೆಂಡಿನವರ ಕಾಲಿನ ನಂಬರು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು ದೇಶದ ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದು ನೋಡಿದಾಗ ನಮ್ಮ ಪಾದ ಅಗಲ ಅಂತ ಗೊತ್ತಾಯ್ತು. ಅದಕ್ಕೇ 'ಭಾ' ಅನ್ನೋ ಹೊಸ ಅಳತೆ ಮಾಡೋಕೆ ಹೊರಟಿದ್ದಾರೆ. ಅಗಲದ ಕಾಲನ್ನ ಚೂಪು ಮೂತಿಯ ಬೂಟಿಗೆ ತುರುಕಿದರೆ ಹೆಬ್ಬೆರಳು ವಾಲುತ್ತೆ, ಆಣಿ ಬರುತ್ತೆ, ಉಗುರು ಒಳಗೆ ಬೆಳೆಯುತ್ತೆ.

ಪೌರಕಾರ್ಮಿಕರ ಗಮ್ ಬೂಟು

ಸೆಪ್ಟೆಂಬರ್ 23ಕ್ಕೆ ಪೌರಕಾರ್ಮಿಕರ ದಿನ. ಹಾರ, ಶಾಲು, ಊಟ, ಫೋಟೋ. ಕೆಲವು ಕಡೆ ಅವತ್ತೇ ಗಮ್ ಬೂಟು ವಿತರಣೆ. ಒಂದು ಊರಲ್ಲಿ, ಹೆಸರು ಬೇಡ, ನಾಲ್ಕು ದಿನ ಬಿಟ್ಟು ನೋಡಿದರೆ ಒಬ್ಬರ ಕಾಲಲ್ಲೂ ಬೂಟಿಲ್ಲ. "ಕೊಟ್ಟರೂ ಹಾಕಲ್ಲ ಇವರು" ಅಂತ ಸಾಹೇಬರು ಗೊಣಗಿದರು. ನಾನು ಒಬ್ಬ ಅಕ್ಕನನ್ನ ಕೇಳಿದೆ. "ಎಲ್ಲಾ ಒಂದೇ ಸೈಜು, ಗಂಡಸರದ್ದು. ನನ್ನ ಕಾಲು ಅದರೊಳಗೆ ಬಾವಿಯೊಳಗಿನ ಕೊಡದ ಹಾಗೆ. ಹಿಮ್ಮಡಿ ಉಜ್ಜಿ ಗುಳ್ಳೆ ಬಂತು. ಗಾಡಿ ಹತ್ತೋವಾಗ ಒಂದು ಸಲ ಬೂಟು ಕೆಳಗೆ, ನಾನು ಮೇಲೆ" ಅಂತ ನಕ್ಕರು. ನಗೋ ವಿಷಯ ಅಲ್ಲ ಅದು.

ಗಮ್ ಬೂಟು ಬೇಕೇ ಬೇಕು. ಆದರೆ ಕಾಲಿನ ಅಳತೆ ತಗೊಂಡು ಕೊಡಬೇಕು. ಒಳಗೆ ಹಾಕೋಕೆ ಹತ್ತಿಯ ಸಾಕ್ಸ್ ಕೊಡಬೇಕು, ಇಲ್ಲಾಂದ್ರೆ ಬೆವರಿ ಕಾಲು ಬೇಯುತ್ತೆ. ಎರಡು ಜೊತೆ ಇರಬೇಕು, ಒಂದು ಒಣಗೋವಾಗ ಇನ್ನೊಂದು. ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕಾಲು ತೊಳೆಯೋಕೆ ನೀರು, ಜಾಗ ಇರಬೇಕು. ನಾನೂ ಒಬ್ಬ ಗುಮಾಸ್ತ, ಕಡತದ ಭಾಷೆ ನನಗೆ ಗೊತ್ತು. ಇಂಡೆಂಟ್‌ನಲ್ಲಿ "ಗಮ್ ಬೂಟು, 40 ಜೊತೆ" ಅಂತ ಬರೆದರೆ ಒಂದೇ ಸೈಜು ಬರುತ್ತೆ. "6ನೇ ನಂಬರು 15, 7ನೇ ನಂಬರು 12" ಅಂತ ಬರೆದರೆ ಹಾಗೇ ಬರುತ್ತೆ. ಖರ್ಚು ಅಷ್ಟೇ. ಬರೆಯೋ ಕೈಗೆ ಆ ಕಾಲು ಕಾಣಬೇಕು.

ಸಕ್ಕರೆ ಕಾಯಿಲೆ, ಮತ್ತೆ ನಮ್ಮ ಸಮಗಾರ ಅಜ್ಜಂದಿರು

ಐಸಿಎಂಆರ್ 2023ರಲ್ಲಿ ಹೇಳಿದ ಲೆಕ್ಕ, ದೇಶದಲ್ಲಿ 10 ಕೋಟಿ ದಾಟಿದ ಸಕ್ಕರೆ ಕಾಯಿಲೆಯವರು. ಇದು ಶ್ರೀಮಂತರ ಕಾಯಿಲೆ ಅನ್ನೋ ಕಾಲ ಹೋಯ್ತು. ನಮ್ಮ ಕೇರಿಗಳಲ್ಲಿ ಗೊತ್ತಾಗೋದು ತಡ, ಅಷ್ಟೇ ವ್ಯತ್ಯಾಸ. ಸಕ್ಕರೆ ಜಾಸ್ತಿ ವರ್ಷ ಇದ್ದರೆ ಪಾದದ ನರ ಸತ್ತ ಹಾಗಾಗುತ್ತೆ. ಮುಳ್ಳು ಚುಚ್ಚಿದ್ದು, ಚಪ್ಪಲಿಯೊಳಗೆ ಕಲ್ಲು ಸೇರಿದ್ದು ಗೊತ್ತಾಗಲ್ಲ. ನೋವಿಲ್ಲ ಅಂತ ದಿನವಿಡೀ ನಡೀತಾರೆ. ಹುಣ್ಣಾಗುತ್ತೆ, ಕೊಳೆಯುತ್ತೆ, ಬೆರಳು ಹೋಗುತ್ತೆ, ಕೆಲವರದ್ದು ಕಾಲೇ ಹೋಗುತ್ತೆ. ಕೂಲಿ ಮನೆಯಲ್ಲಿ ಒಂದು ಕಾಲು ಹೋಯ್ತು ಅಂದ್ರೆ ಮಗಳ ಕಾಲೇಜೂ ಅದರ ಹಿಂದೆ ಹೋಗುತ್ತೆ.

ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಡಾ. ಪಾಲ್ ಬ್ರ್ಯಾಂಡ್ ಅನ್ನೋರು ಕುಷ್ಠರೋಗಿಗಳ ಪಾದ ನೋಡ್ತಾ ನೋಡ್ತಾ ಕಂಡುಕೊಂಡಿದ್ದು ಇದನ್ನೇ. ಹುಣ್ಣು ರೋಗ ನೇರವಾಗಿ ಮಾಡಿದ್ದಲ್ಲ, ನೋವು ಗೊತ್ತಾಗದ ಕಾಲು ಒಂದೇ ಜಾಗದಲ್ಲಿ ಒತ್ತಡ ತಿಂದು ತಿಂದು ಆಗಿದ್ದು. ಹಾಗಾಗಿ ಮದ್ದಿಗಿಂತ ಮೊದಲು ಬೇಕಾದ್ದು ಸರಿಯಾದ ಚಪ್ಪಲಿ. ಮುಂದೆ ಸಕ್ಕರೆ ಕಾಯಿಲೆಯ ಕಾಲಿಗೂ ಇದೇ ತಿಳಿವಳಿಕೆ ಉಪಯೋಗಕ್ಕೆ ಬಂತು. ಕುಷ್ಠರೋಗದಿಂದ ಸ್ಪರ್ಶ ಹೋದವರಿಗೆ ಸರ್ಕಾರ ಉಚಿತವಾಗಿ ಎಂಸಿಆರ್ ಚಪ್ಪಲಿ ಕೊಡುತ್ತೆ, ಮೆತ್ತನೆ ರಬ್ಬರಿನ ಅಟ್ಟೆ, ಮೇಲೆ ಬೆಲ್ಟು. ಸಕ್ಕರೆಯಿಂದ ಸ್ಪರ್ಶ ಹೋದ ಕೂಲಿಯವನಿಗೂ ಅದೇ ಚಪ್ಪಲಿ ಯಾಕೆ ಕೊಡಬಾರದು? ಕಾಲು ಕತ್ತರಿಸೋ ಖರ್ಚಿಗಿಂತ ಚಪ್ಪಲಿ ಖರ್ಚು ಹೆಚ್ಚಾ?

ಅದನ್ನ ಹೊಲಿಯೋರು ಯಾರು ಅಂದ್ರೆ, ನಮ್ಮ ಪೇಟೆಗಳ ಬಸ್‌ಸ್ಟ್ಯಾಂಡ್ ಬದಿಯಲ್ಲಿ ಕೊಡೆ ರಿಪೇರಿ ಮಾಡ್ತಾ ಕೂತ ಸಮಗಾರ ಅಜ್ಜಂದಿರು. ನನಗೆ ಹಿಮ್ಮಡಿ ನೋವು ಶುರುವಾಗಿ, ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಡೋಕಾಗದೇ ಇದ್ದಾಗ ಅಂಥ ಒಬ್ಬ ಅಜ್ಜ ನನ್ನ ಚಪ್ಪಲಿ ತಿರುಗಿಸಿ ನೋಡಿ ಹೇಳಿದರು: "ತಮಾ, ಅಟ್ಟೆ ಒಂದೇ ಕಡೆ ಸವೆದಿದೆ, ನೀ ವಾಲಿ ನಡೀತೆ. ಕಾಲು ನೋಡಿ ಚಪ್ಪಲಿ ತಗಳಬೇಕು, ಚಪ್ಪಲಿ ನೋಡಿ ಕಾಲು ತುರುಕಬಾರದು." ಆಮೇಲೆ ಡಾಕ್ಟರು ಹೇಳಿದ್ದೂ ಅದನ್ನೇ, ಫೀಸು ತಗೊಂಡು. ಆ ಅಜ್ಜನ ಮಗ ಈ ಕೆಲಸಕ್ಕೆ ಬಂದಿಲ್ಲ, ಬರೋದೂ ಬೇಡ ಅನ್ನೋದು ಅವರ ಆಸೆ. ಜಾತಿಯ ಕಸುಬಿಗೆ ಮಕ್ಕಳನ್ನ ಕಟ್ಟಿಹಾಕಿ ಅಂತ ನಾನು ಹೇಳ್ತಿಲ್ಲ, ಎಂದಿಗೂ ಹೇಳಲ್ಲ. ವಿದ್ಯೆಗೆ ಸಂಬಳ, ಸರ್ಟಿಫಿಕೇಟ್, ಕುರ್ಚಿ ಕೊಡಿ ಅಂತಿದ್ದೀನಿ. ತಾಲೂಕು ಆಸ್ಪತ್ರೆಯಲ್ಲಿ ಕನ್ನಡಕದವರಿಗೆ ಒಂದು ರೂಮು ಇರಬಹುದಾದರೆ ಪಾದರಕ್ಷೆಯವರಿಗೂ ಇರಬಹುದು. ಆ ಕುರ್ಚಿಗೆ ಯಾವ ಜಾತಿಯವರು ಬೇಕಾದ್ರೂ ಕಲಿತು ಬರಲಿ.

1976ರಲ್ಲೇ ಹುಟ್ಟಿದ ಲಿಡ್ಕರ್ ನಮಗಿದೆ, ಬಾಬು ಜಗಜೀವನರಾಂ ಹೆಸರಿನ ನಿಗಮ. ನಟ ಡಾಲಿ ಧನಂಜಯ ರಾಯಭಾರಿ ಆದ ಮೇಲೆ ಹುಡುಗರಿಗೂ ಹೆಸರು ಗೊತ್ತಾಗಿದೆ, ಸಂತೋಷ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಜಿಐ ಸಿಕ್ಕಾಗ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಅದರಲ್ಲಿ ಸೇರಿದವು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಅಂಥದೇ ಚಪ್ಪಲಿಯನ್ನ ಮಿಲಾನ್ ಶೋದಲ್ಲಿ ತೋರಿಸಿದಾಗ ದೇಶಕ್ಕೆಲ್ಲ ಸಿಟ್ಟು ಬಂತು. ಆ ಸಿಟ್ಟಲ್ಲಿ ಅರ್ಧದಷ್ಟಾದರೂ ಇಲ್ಲಿ ಕೆಸರಲ್ಲಿ ನಿಂತ ಬರಿಗಾಲಿನ ಮೇಲೆ ಬಂದಿದ್ದರೆ ಚೆನ್ನಾಗಿತ್ತು.

ನಾವು ಮಾಡಬೇಕಾದ್ದು

ಮೊದಲು ಮನೆಯಲ್ಲಿ. ಚಪ್ಪಲಿ ಸಂಜೆ ಹೊತ್ತು ಕೊಳ್ಳಿ, ಆಗ ಕಾಲು ಸ್ವಲ್ಪ ಊದಿರುತ್ತೆ, ಸರಿ ಅಳತೆ ಸಿಗುತ್ತೆ. ಎರಡೂ ಕಾಲಿಗೆ ಹಾಕಿ, ನಡೆದು ನೋಡಿ. "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಅಂದ್ರೆ ನಂಬಬೇಡಿ. ಮಕ್ಕಳಿಗೆ ಎರಡು ವರ್ಷ ಬರಲಿ ಅಂತ ದೊಡ್ಡದು ಬೇಡ, ಹಳೇದು ಬಿಗಿಯಾದ ಮೇಲೂ ತಳ್ಳೋದು ಬೇಡ. ತಳ ಸವೆದು ನುಣುಪಾದ ಹವಾಯಿ ಮಳೆಗಾಲಕ್ಕೆ ಬೇಡವೇ ಬೇಡ, ಪಾಚಿ ಮೇಲೆ ಜಾರಿ ಸೊಂಟ ಮುರ್ಕೊಂಡೋರು ಎಷ್ಟು ಜನ. ಒದ್ದೆ ಬೂಟಿನೊಳಗೆ ಹಳೇ ಪೇಪರ್ ತುರುಕಿಡಿ, ಬೆಳಿಗ್ಗೆಗೆ ನೀರು ಎಳೆದಿರುತ್ತೆ. ಕಾಲು ತೊಳೆದು ಬೆರಳ ಸಂದಿ ಒರೆಸಿ. ಸಕ್ಕರೆ ಇದ್ದವರು ದಿನಾ ರಾತ್ರಿ ಪಾದದ ಅಡಿ ನೋಡ್ಕೊಳ್ಳಿ, ಬಗ್ಗೋಕಾಗದಿದ್ರೆ ಕನ್ನಡಿ ಇಟ್ಟು ನೋಡಿ. ಚಪ್ಪಲಿ ಹಾಕೋ ಮೊದಲು ಒಳಗೆ ಕೈಯಾಡಿಸಿ. ಆಣಿಯನ್ನ ಬ್ಲೇಡಲ್ಲಿ ಕೊಯ್ಯಬೇಡಿ. ಬಿಸಿನೀರಲ್ಲಿ ಕಾಲಿಡಬೇಡಿ, ಸುಟ್ಟರೂ ಗೊತ್ತಾಗಲ್ಲ.

ಆಮೇಲೆ ಹೊರಗೆ. ನಾಲ್ಕು ಕೆಲಸ.

1. ನಿಮ್ಮ ಊರಿನ ಎಸ್‌ಡಿಎಂಸಿ ಸಭೆಗೆ ಹೋಗಿ, ಮಳೆಗಾಲಕ್ಕೆ ಎಲ್ಲಾ ಮಕ್ಕಳಿಗೂ ಸ್ಯಾಂಡಲ್ ಅಂತ ಠರಾವು ಬರೆಸಿ. ಬರೀ ಮಾತಲ್ಲ, ಠರಾವು. ಶಿರಸಿ ಶೈಕ್ಷಣಿಕ ಜಿಲ್ಲೆಯ ಉಪನಿರ್ದೇಶಕರಿಗೆ ಒಂದು ಪ್ರತಿ.

2. ನಗರಸಭೆ, ಪಟ್ಟಣ ಪಂಚಾಯ್ತಿ, ಗ್ರಾಮ ಪಂಚಾಯ್ತಿಗಳಲ್ಲಿ ಪೌರಕಾರ್ಮಿಕರ ಕಾಲಿನ ಅಳತೆ ಪಟ್ಟಿ ಮಾಡಿಸಿ. ಹೆಣ್ಣುಮಕ್ಕಳ ಅಳತೆ ಹೆಣ್ಣುಮಕ್ಕಳೇ ತಗೊಳ್ಳಲಿ.

3. ತಾಲೂಕು ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯವರ ಪಾದ ತಪಾಸಣೆ ಮತ್ತು ಉಚಿತ ಚಪ್ಪಲಿಗೆ ಮನವಿ. ತರಬೇತಿಗೆ ಲಿಡ್ಕರ್‌ಗೆ ಪ್ರತ್ಯೇಕ ಮನವಿ. ಎರಡೂ ನಾನು ಟೈಪ್ ಮಾಡಿ ಕೊಡ್ತೀನಿ, ಸಹಿ ನೀವು ಮಾಡಿಸಿ ತನ್ನಿ.

4. ಕೂಲಿ ಮಾತಾಡುವಾಗ ಬೂಟನ್ನೂ ಮಾತಾಡಿ. ಮೈಲುತುತ್ತ, ಸುಣ್ಣ, ದೋಟಿ, ಪಂಪು ಎಲ್ಲಾ ತೋಟದವರ ಖರ್ಚು. ಕೆಲಸದವರ ಕಾಲಿನ ಬೂಟು ಯಾಕೆ ಆ ಲೆಕ್ಕಕ್ಕೆ ಸೇರಲ್ಲ? ಒಳ್ಳೇ ಮನಸ್ಸಿನ ಕೆಲವರು ಈಗಾಗಲೇ ಕೊಡ್ತಿದ್ದಾರೆ, ಅವರಿಗೆ ನಮಸ್ಕಾರ. ಆದರೆ ಇದು ಒಬ್ಬರ ಒಳ್ಳೇತನದ ಮೇಲೆ ನಿಲ್ಲಬಾರದು.

ಯಲ್ಲಾಪುರದ ಸಿದ್ದಿ, ಗೌಳಿ, ಕುಣಬಿ ಬಂಧುಗಳೂ ಇದೇ ಕೆಸರಲ್ಲಿ ನಿಂತಿದ್ದಾರೆ. ಈ ಮನವಿಗೆ ಅವರ ಸಹಿಯೂ ಇರಲಿ, ಅವರ ಮಾತೂ ಇರಲಿ. ಯಾವ ಊರಲ್ಲಿ ಎಸ್‌ಡಿಎಂಸಿ ಠರಾವು ಆಯ್ತು ಅಂತ ನನಗೆ ತಿಳಿಸಿ, ಪಟ್ಟಿ ಮಾಡ್ತಾ ಹೋಗ್ತೀನಿ. ನೆಟ್ಟಿ ಮುಗಿಯೋದರೊಳಗೆ ಮೂರೂ ತಾಲೂಕಿನ ಮನವಿ ತಹಶೀಲ್ದಾರರ ಟೇಬಲ್ ಮೇಲೆ ಇರಬೇಕು.

ಜೈ ಭೀಮ್.